ಕೊನೆಯ ಹತ್ತು ನಿಮಿಷವೇ ಕೆಡಿಸಿದ ಸಿನಿಮಾ ನಿಮಗೆ ಯಾವುದು? ನನಗೆ ನಾಗರಹಾವು

ದುರ್ಗದವಳು:

ಮೊದಲೇ ಹೇಳಿಬಿಡುತ್ತೇನೆ, ಬೈಯಬೇಡಿ. ನಾನು ಹುಟ್ಟಿ ಬೆಳೆದದ್ದು ಚಿತ್ರದುರ್ಗದಲ್ಲಿ. ಈಗ ಕೆಲಸ ದಾವಣಗೆರೆಯಲ್ಲಿ. ಪುಟ್ಟಣ್ಣ ಕಣಗಾಲರ 1972ರ ನಾಗರಹಾವು, ನಮ್ಮ ದುರ್ಗದ ಸಿಟ್ಟಿನ ಹುಡುಗ ರಾಮಾಚಾರಿಯ ಕಥೆ, ನಮ್ಮ ಮನೆಯಲ್ಲಿ ಸಿನಿಮಾ ಅಲ್ಲ, ಮನೆಮಂದಿ ಇದ್ದ ಹಾಗೆ. ಅಮ್ಮ ಯಾರಿಗಾದರೂ ಸಿಟ್ಟು ಬಂದರೆ "ರಾಮಾಚಾರಿ ಥರ ಆಡಬೇಡ" ಅಂತಲೇ ಬೈಯುತ್ತಿದ್ದರು.

ಹೋದ ಭಾನುವಾರ ಅಕ್ಕನ ಮಗಳನ್ನು ಕರೆದುಕೊಂಡು ಕೋಟೆ ಹತ್ತಿದೆ. ಅವಳಿಗೆ ಹದಿನಾರು. ಮೇಲೆ ಒಬ್ಬ ಗೈಡ್ ಬೇರೆ ಯಾರಿಗೋ ಬಂಡೆ ತೋರಿಸುತ್ತಾ ರಾಮಾಚಾರಿ ಇಲ್ಲೇ ಓಡಾಡಿದ್ದು ಅಂತ ಹೇಳುತ್ತಿದ್ದರು. ಇವಳು "ಯಾರು ಅದು, ಪಾಳೇಗಾರನಾ?" ಅಂದಳು. ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ರಾತ್ರಿ ಊಟ ಮುಗಿಸಿ ಸಿನಿಮಾ ಹಾಕಿಯೇಬಿಟ್ಟೆ.

ಮೂರು ಗಂಟೆ ಅವಳು ಮೊಬೈಲ್ ಮುಟ್ಟಲಿಲ್ಲ. ಪ್ರಿನ್ಸಿಪಾಲರನ್ನು ಕಂಬಕ್ಕೆ ಕಟ್ಟಿದ್ದಕ್ಕೆ ನಕ್ಕಳು, ಅಲಮೇಲು ಮದುವೆಯಾಗಿ ಹೋದಾಗ ಸುಮ್ಮನಾದಳು. ತನಗೆ ಪಾಠ ಹೇಳಿದ ಚಾಮಯ್ಯ ಮೇಷ್ಟ್ರ ಮಾತಿಗೆ ಕಟ್ಟುಬಿದ್ದು, ತಾನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಕೊಟ್ಟವನು ರಾಮಾಚಾರಿ. ಆಮೇಲೆ ಅವಳ ಬಾಳು ಹಾಳಾದದ್ದನ್ನು ಕಣ್ಣಾರೆ ನೋಡುತ್ತಾನೆ. ಈಗ ಆಮೇಲೆ ಪ್ರೀತಿಸಿದ ಮಾರ್ಗರೇಟ್ ವಿಷಯಕ್ಕೂ ಮೇಷ್ಟ್ರು ಅಡ್ಡ ನಿಂತರೆ ಅವನಿಗೆ ಸಿಟ್ಟು ಬರುವುದು ಸಹಜ ಅಲ್ವಾ? ಅಲ್ಲಿಯವರೆಗೂ ಎಲ್ಲ ಸರಿ ಇದೆ. ಮೇಷ್ಟ್ರು ಬಂಡೆಯಿಂದ ಬೀಳುತ್ತಾರೆ. ರಾಮಾಚಾರಿ ಮಾರ್ಗರೇಟ್ ಜೊತೆ ತಾನೂ ಹಾರುತ್ತಾನೆ. ಮುಗಿಯಿತು.

ಟಿವಿ ಆರಿಸಿದ ಮೇಲೆ ಅವಳು ಕೇಳಿದ್ದು ಒಂದೇ ಮಾತು. "ಅವನು ಹಾರಿದ್ದು ಗೊತ್ತಾಯಿತು ಚಿಕ್ಕಮ್ಮ, ಮಾರ್ಗರೇಟ್ ಯಾಕೆ ಹಾರಿದಳು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಪ್ಪತ್ತು ಸಲವಾದರೂ ನೋಡಿದ್ದೇನೆ, ಒಂದು ಸಲವೂ ಈ ಪ್ರಶ್ನೆ ನನಗೆ ಬಂದಿರಲಿಲ್ಲ. ಈಗ ತಲೆಯಿಂದ ಹೋಗುತ್ತಿಲ್ಲ. ಮೇಷ್ಟ್ರು ಅವಳಿಗೆ ಏನೂ ಅಲ್ಲ. ಅವಳು ಹೆದರುವ ಹುಡುಗಿಯೂ ಅಲ್ಲ, ಇಡೀ ಸಿನಿಮಾದಲ್ಲಿ ರಾಮಾಚಾರಿಗೆ ಎದುರು ನಿಂತು ಮಾತಾಡಿದವಳು ಅವಳೇ. ಅಂಥವಳು ಕೊನೆಯಲ್ಲಿ ಸುಮ್ಮನೆ ಅವನ ಜೊತೆ ಹೋಗಿಬಿಡುತ್ತಾಳೆ. ಸಾವಿನ ಕೊನೆ ಅಂತ ನನ್ನ ತಕರಾರಲ್ಲ. ಅವಳ ಸಾವನ್ನು ಅವಳಿಗೇ ಕೇಳದೆ ಬರೆದಿದ್ದಾರೆ ಅನ್ನುವುದು ನನ್ನ ನೋವು.

ನಿಮಗೂ ಹೀಗೆ ಯಾವುದಾದರೂ ಒಳ್ಳೆಯ ಸಿನಿಮಾ ಕೊನೆಯಲ್ಲಿ ಕೈಬಿಟ್ಟಿದೆಯಾ? ಇಲ್ಲ ನಾನೇ ತಪ್ಪು ನೋಡುತ್ತಿದ್ದೀನಾ?

ಬೆಣ್ಣೆ ಖಾಲಿ:

ತಪ್ಪು ನೋಡುತ್ತಿದ್ದೀರಿ ಅಂತ ಹೇಳುವುದಿಲ್ಲ, ಆದರೆ ನಾನು ಒಪ್ಪುವುದಿಲ್ಲ. ಹೆಸರೇ ನಾಗರಹಾವು ಅಲ್ವಾ. ಹಾವಾಡಿಗ ಹೋದ ಮೇಲೆ ಹಾವು ಉಳಿಯುವುದು ಹೇಗೆ? ಊರೆಲ್ಲ ಪೋಕರಿ ಅಂದಾಗ ಇವನ ಒಳ್ಳೆಯತನ ಕಂಡವರು ಚಾಮಯ್ಯ ಮೇಷ್ಟ್ರು ಒಬ್ಬರೇ. ಹೆತ್ತ ಅಪ್ಪನ ಮಾತು ಕೇಳದವನು ಅವರ ಮಾತಿಗೆ ತನ್ನ ಪ್ರೀತಿಯನ್ನೇ ಬಿಟ್ಟ. ಆ ಮೇಷ್ಟ್ರ ಸಾವಿಗೆ ತಾನೇ ಕಾರಣವಾದ ಮೇಲೆ ರಾಮಾಚಾರಿ ಕೆಳಗಿಳಿದು ಬಂದು ಸಂಸಾರ ಮಾಡಿದ್ದರೆ ನೀವು ಒಪ್ಪುತ್ತಿದ್ದಿರಾ? ನಾನಂತೂ ಚಪ್ಪಲಿ ಹಾಕಿಕೊಂಡು ಎದ್ದು ಹೋಗುತ್ತಿದ್ದೆ.

ಅದೇ 1972ರ ಬಂಗಾರದ ಮನುಷ್ಯ ನೋಡಿ. ರಾಜೀವ ಊಟದ ನಡುವೆ ಎದ್ದು ಹೋಗುತ್ತಾನೆ, ಮತ್ತೆ ಮನೆಗೆ ಬರುವುದಿಲ್ಲ. ನಮ್ಮ ಅಜ್ಜ ರೈತರು, ಭದ್ರಾ ನಾಲೆ ನೀರಲ್ಲಿ ಭತ್ತ ಬೆಳೆದವರು. ರಾಜೀವನ ಮಾತು ಬಂದಾಗೆಲ್ಲ ಅವರು ಹೇಳುತ್ತಿದ್ದದ್ದು, "ಅನ್ನ ಬಿಟ್ಟು ಎದ್ದ ಅಂದ್ರೆ ಅವನಿಗೆ ಎಷ್ಟು ನೋವಾಗಿರಬೇಕು." ಆ ಕೊನೆ ಬೇರೆ ಥರ ಇದ್ದಿದ್ದರೆ ನಮ್ಮಜ್ಜ ಅದನ್ನು ಅಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ನೋವಿನ ಕೊನೆ ಬೇರೆ, ಕೆಟ್ಟ ಕೊನೆ ಬೇರೆ.

ಮಾರ್ಗರೇಟ್ ವಿಷಯ ಮಾತ್ರ… ಹೌದು, ಅದನ್ನು ನಾನೂ ಯೋಚನೆ ಮಾಡಿರಲಿಲ್ಲ.

ಹಳೆ ಆಪರೇಟರ್:

ನಾನು ಒಂದು ಕಾಲದಲ್ಲಿ ಟೆಂಟ್ ಸಿನಿಮಾದಲ್ಲಿ ಪ್ರೊಜೆಕ್ಟರ್ ನಡೆಸಿದವನು, ಜಗಳೂರು ಕಡೆ. ಈ ಚರ್ಚೆಯಲ್ಲಿ ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ.

ನಿಮ್ಮಲ್ಲಿ ಐವತ್ತು ದಾಟಿದವರು ಹಳ್ಳಿಯಲ್ಲಿ ಸಿನಿಮಾ ನೋಡಿದ್ದರೆ, ಕೊನೆಯನ್ನು ಪೂರ್ತಿ ನೋಡಿರುವುದೇ ಅನುಮಾನ. ಸಾವಿರ ಅಡಿ ರೀಲು ಅಂದರೆ ಹನ್ನೊಂದು ನಿಮಿಷ. ರೀಲಿನ ಮೊದಲು ಮತ್ತು ಕೊನೆ, ಈ ಎರಡೇ ಜಾಗ ಜಾಸ್ತಿ ಸವೆಯುವುದು. ಪ್ರತಿ ಆಟಕ್ಕೂ ಸಿಕ್ಕಿಸುವಾಗ, ಬಿಚ್ಚುವಾಗ, ಸುತ್ತುವಾಗ ಕೈ ತಾಗುವುದು ಅಲ್ಲೇ. ಹರಿದರೆ ಹರಿದಷ್ಟು ಕತ್ತರಿಸಿ ಅಂಟು ಹಾಕಿ ಜೋಡಿಸುತ್ತಿದ್ದೆವು. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ, ಒಂದಡಿ ಹೋದರೂ ಮುಕ್ಕಾಲು ಸೆಕೆಂಡಿನ ಹತ್ತಿರ ಹೋಯಿತು. ದೊಡ್ಡ ಊರುಗಳಲ್ಲಿ ಓಡಿ, ಸಣ್ಣ ಊರು ಸುತ್ತಿ, ಕೊನೆಗೆ ನಮ್ಮ ಟೆಂಟಿಗೆ ಬರುವ ಹೊತ್ತಿಗೆ ಪ್ರಿಂಟಿನ ತುಂಬ ಗೀರು ಬಿದ್ದು ತೆರೆಯ ಮೇಲೆ ಮಳೆ ಸುರಿದ ಹಾಗೆ ಕಾಣುತ್ತಿತ್ತು. ಹೀರೋ ಮಾತು ಶುರು ಮಾಡಿದವನು ಬಾಯಿ ಮುಚ್ಚುವ ಮೊದಲೇ "ಶುಭಂ" ಬರುತ್ತಿತ್ತು.

ಇನ್ನು ಜನ. ಕ್ಲೈಮ್ಯಾಕ್ಸ್ ಫೈಟ್ ಶುರುವಾದರೆ ಸಾಕು, ಸೈಕಲ್ ಸ್ಟ್ಯಾಂಡಿನ ಕಡೆ ಓಟ. ಎಲ್ಲರೂ ಒಟ್ಟಿಗೆ ಹೋದರೆ ಸೈಕಲ್ ತೆಗೆಯುವುದಕ್ಕೆ ಅರ್ಧ ಗಂಟೆ ಬೇಕಲ್ಲ. ಆದರೆ ನಾಗರಹಾವು ಹಾಕಿದ ದಿನ ಒಬ್ಬರೂ ಏಳುತ್ತಿರಲಿಲ್ಲ, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮೇಷ್ಟ್ರು ಬಿದ್ದಾಗ ನೆಲದ ಮೇಲೆ ಕೂತ ಹೆಂಗಸರು ಅಯ್ಯೋ ಅನ್ನುವುದು ನನ್ನ ಕ್ಯಾಬಿನ್ನಿಗೆ ಕೇಳುತ್ತಿತ್ತು. ಅಷ್ಟು ಜನರನ್ನು ಸೈಕಲ್ ಮರೆತು ಕೂರಿಸಿದ ಕೊನೆ ಕೆಟ್ಟದ್ದು ಅಂದರೆ ನಾನು ಹೇಗೆ ಒಪ್ಪಲಿ?

ಪುಟದ ನಡುವೆ:

ದುರ್ಗದವಳು ಅವರೇ, ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಪುಸ್ತಕದಲ್ಲಿದೆ ಅನ್ನಿಸುತ್ತದೆ. ಈ ಸಿನಿಮಾ ಒಂದು ಕಾದಂಬರಿಯಿಂದ ಬಂದದ್ದಲ್ಲ. ತ.ರಾ.ಸು. ಬರೆದ ಮೂರು ಕಾದಂಬರಿ ಸೇರಿಸಿ ಮಾಡಿದ್ದು: ನಾಗರಹಾವು, ಒಂದು ಗಂಡು ಎರಡು ಹೆಣ್ಣು, ಸರ್ಪಮತ್ಸರ. ಮೂರು ಪುಸ್ತಕವನ್ನು ಮೂರು ಗಂಟೆಗೆ ಇಳಿಸಿದರೆ ಏನಾಗುತ್ತದೆ ಹೇಳಿ. ಮೊದಲ ಪುಸ್ತಕದ ಹುಡುಗಾಟಕ್ಕೆ, ಅಲಮೇಲು ಪ್ರೀತಿಗೆ ಪುಟ್ಟಣ್ಣ ಬೇಕಾದಷ್ಟು ಸಮಯ ಕೊಟ್ಟಿದ್ದಾರೆ. ಮಾರ್ಗರೇಟ್ ಬರುವ ಹೊತ್ತಿಗೆ ರೀಲು ಮುಗಿಯುತ್ತಾ ಬಂದಿದೆ. ಅವಳ ಮನೆ, ಅವಳ ಮನಸ್ಸು, ಅವಳು ಇವನಲ್ಲಿ ಏನು ಕಂಡಳು, ಯಾವುದೂ ನಮಗೆ ತುಂಬಾ ತಿಳಿಯುವುದಿಲ್ಲ. ಹಾಗಾಗಿ ಬಂಡೆಯ ಮೇಲೆ ನಿಂತಾಗ ಅವಳ ಕಾರಣ ನಮಗೆ ಕಾಣುವುದಿಲ್ಲ.

ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿದರು ಅಂತ ತ.ರಾ.ಸು. ಬೇಸರಪಟ್ಟುಕೊಂಡಿದ್ದರು ಅನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ನಾನು ಪೂರ್ತಿ ಅವರ ಕಡೆ ಅಲ್ಲ. ಸಿನಿಮಾ ಬರದೆ ಇದ್ದಿದ್ದರೆ ನಾನು ಆ ಪುಸ್ತಕ ಹುಡುಕಿಕೊಂಡು ಹೋಗುತ್ತಲೇ ಇರಲಿಲ್ಲ. ಆದರೂ ಮಲೇಬೆನ್ನೂರಿನಲ್ಲಿ ಹುಟ್ಟಿ, ತಳುಕಿನ ಮನೆತನದಿಂದ ಬಂದು, ದುರ್ಗವನ್ನೇ ಜೀವಮಾನವಿಡೀ ಬರೆದ ಮನುಷ್ಯನಿಗೆ ತನ್ನ ಪಾತ್ರಗಳನ್ನು ತೆರೆಯ ಮೇಲೆ ಬೇರೆ ಥರ ನೋಡಿದಾಗ ಹೊಟ್ಟೆ ಉರಿದಿರುತ್ತದೆ. ಅದು ನನಗೆ ಅರ್ಥವಾಗುತ್ತದೆ.

ಲಾಸ್ಟ್ ಬೆಂಚ್ ಹರಿಹರ:

ನಾನು ಹೊಸ ಕಾಲದವನು, ಹೊಸ ಸಿನಿಮಾ ಬಗ್ಗೆ ಹೇಳುತ್ತೇನೆ. ನನಗೆ ಈಗ ಜಾಸ್ತಿ ಸಿಟ್ಟು ಬರುವುದು ಮುಗಿಯದೇ ಇರುವ ಕೊನೆಗೆ. ಟಿಕೆಟ್ ತಗೊಂಡು ಎರಡೂವರೆ ಗಂಟೆ ಕೂತಿರುತ್ತೇವೆ, ಕಥೆ ಒಂದು ಹದಕ್ಕೆ ಬಂದಿರುತ್ತದೆ, ಆಗ ಮುಂದಿನ ಭಾಗದಲ್ಲಿ ನೋಡಿ ಅಂತ ಲೈಟ್ ಹಾಕುತ್ತಾರೆ. ಕೆಲವರು ಇದನ್ನು ಸರಿಯಾಗಿ ಮಾಡಿದ್ದಾರೆ. ಸಪ್ತ ಸಾಗರದಾಚೆ ಎಲ್ಲೋ 2023ರ ಸೆಪ್ಟೆಂಬರ್‌ನಲ್ಲಿ ಸೈಡ್ ಎ, ನವೆಂಬರ್‌ನಲ್ಲೇ ಸೈಡ್ ಬಿ ಬಂತು. ಎರಡು ಭಾಗ ಅಂತ ಹೆಸರಲ್ಲೇ ಹೇಳಿದ್ದರು, ಮೋಸ ಅನ್ನಿಸಲಿಲ್ಲ. ಕೆಜಿಎಫ್ ಮೊದಲ ಭಾಗ 2018ರ ಡಿಸೆಂಬರ್, ಎರಡನೆಯದು 2022ರ ಏಪ್ರಿಲ್. ನಾನು ಪಿಯುಸಿಯಿಂದ ಡಿಗ್ರಿ ಮುಗಿಸುವವರೆಗೆ ಕಾದೆ. ಆದರೂ ಮೊದಲ ಭಾಗದಲ್ಲಿ ಹಿಡಿದ ಕೆಲಸ ಮೊದಲ ಭಾಗದಲ್ಲೇ ಮುಗಿದಿತ್ತು, ವಿಲನ್ ಗರುಡನ ಕಥೆ ಅಲ್ಲಿಗೇ ಮುಗಿಯಿತು. ಈಗ ಎಷ್ಟೋ ಸಿನಿಮಾದಲ್ಲಿ ಅದೂ ಇರುವುದಿಲ್ಲ. ಎರಡನೇ ಭಾಗ ಬರುವುದೂ ಇಲ್ಲ. ಕಥೆ ಅಲ್ಲೇ ನೇತಾಡುತ್ತದೆ.

ಒಂದು ದೃಶ್ಯದ ಬಗ್ಗೆಯೂ ಹೇಳಿಬಿಡುತ್ತೇನೆ, ನಾಗರಹಾವಿನ ಮಾತು ಬಂದಿದೆಯಲ್ಲ. ಒನಕೆ ಓಬವ್ವನ ಹಾಡು ಎಷ್ಟೇ ಚೆನ್ನಾಗಿದ್ದರೂ ರಾಮಾಚಾರಿ ಕಥೆಯನ್ನು ಅದು ನಿಲ್ಲಿಸಿಬಿಡುತ್ತದೆ. ಅದನ್ನು ತೆಗೆದರೂ ಕಥೆಗೆ ಏನೂ ಆಗುವುದಿಲ್ಲ. ಆ ಸಮಯ ಮಾರ್ಗರೇಟ್‌ಗೆ ಕೊಟ್ಟಿದ್ದರೆ ನಿಮ್ಮ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಕಿಂಡಿ ಪಕ್ಕದ ಮನೆ:

ಹರಿಹರದವರೇ, ಓಬವ್ವನ ಹಾಡು ತೆಗೆಯಿರಿ ಅಂತ ನಮ್ಮೂರಿಗೆ ಬಂದು ಹೇಳಬೇಡಿ. ನಾನು ನಿಜವಾಗಿ ಬೇಜಾರಿನಿಂದ ಬರೆಯುತ್ತಿದ್ದೇನೆ.

ಹೈದರನ ಸೈನಿಕರು ಕಿಂಡಿಯಲ್ಲಿ ನುಸುಳಿ ಬಂದಾಗ ಗಂಡ ಊಟಕ್ಕೆ ಕೂತಿದ್ದ, ನೀರಿಗೆ ಹೋದ ಓಬವ್ವ ಒನಕೆ ಹಿಡಿದು ನಿಂತಳು ಅನ್ನುವುದನ್ನು ನಾವು ಅಜ್ಜಿಯರ ಬಾಯಲ್ಲಿ ಕೇಳಿ ಬೆಳೆದವರು. ಆದರೆ ಕರ್ನಾಟಕದ ಮನೆಮನೆಗೆ ಅವಳ ಮುಖ ಕೊಟ್ಟದ್ದು ಆ ಹಾಡು, ಅದರಲ್ಲಿ ಓಬವ್ವನಾದ ನಟಿ ಜಯಂತಿ. ಇವತ್ತಿಗೂ ಶಾಲೆಯ ವಾರ್ಷಿಕೋತ್ಸವದಲ್ಲಿ ಓಬವ್ವನ ಪಾತ್ರ ಹಾಕುವ ಹುಡುಗಿಯರು ಜಯಂತಿ ಥರವೇ ಕಣ್ಣು ಬಿಟ್ಟು ಒನಕೆ ಎತ್ತುತ್ತಾರೆ.

ಕಥೆಗೆ ಸಂಬಂಧ ಇಲ್ಲ ಅಂದಿರಿ. ಸಂಬಂಧ ಇದೆ. ಈ ಹುಡುಗ ಯಾವ ಕಲ್ಲಿನ ನಡುವೆ ಬೆಳೆದ, ಅವನ ಹಠಕ್ಕೆ ಬೇರು ಎಲ್ಲಿದೆ ಅನ್ನುವುದನ್ನು ಆ ಹಾಡು ತೋರಿಸುತ್ತದೆ. ದುರ್ಗ ಆ ಸಿನಿಮಾದಲ್ಲಿ ಬರೀ ಶೂಟಿಂಗ್ ಜಾಗ ಅಲ್ಲ.

ಲಾಸ್ಟ್ ಬೆಂಚ್ ಹರಿಹರ:

ಬೇಜಾರು ಮಾಡಿದ್ದಕ್ಕೆ ಕ್ಷಮಿಸಿ. ಶಾಲೆ ಹುಡುಗಿಯರ ವಿಷಯ ಹೇಳಿದಿರಲ್ಲ, ಅದು ನಿಜ, ನನ್ನ ತಂಗಿಯೂ ಹಾಕಿದ್ದಳು. ಹಾಡು ಇರಲಿ. ಮಾರ್ಗರೇಟ್‌ಗೆ ಇನ್ನೂ ಹತ್ತು ನಿಮಿಷ ಬೇಕಿತ್ತು ಅನ್ನುವ ಮಾತು ಮಾತ್ರ ಬಿಡುವುದಿಲ್ಲ.

ಮೇಷ್ಟ್ರ ಮಗಳು:

ಓದುತ್ತಾ ಸುಮ್ಮನಿದ್ದೆ, ಈಗ ಬರೆಯಲೇಬೇಕು ಅನ್ನಿಸಿತು. 2018ರಲ್ಲಿ ನಾಗರಹಾವನ್ನು ಬಣ್ಣ, ಸೌಂಡ್ ಸರಿಮಾಡಿ ಮತ್ತೆ ಬಿಡುಗಡೆ ಮಾಡಿದರಲ್ಲ, ಆಗ ನಾನು ಅಪ್ಪನನ್ನು ಕರೆದುಕೊಂಡು ದಾವಣಗೆರೆಯಲ್ಲಿ ನೋಡಿದೆ. ಅಪ್ಪ ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿದವರು. ಮೇಷ್ಟ್ರ ಪಾತ್ರದ ಅಶ್ವತ್ಥ್ ತೆರೆಗೆ ಬಂದಾಗೆಲ್ಲ ಪಕ್ಕದಲ್ಲಿ ಅಪ್ಪ ನೆಟ್ಟಗೆ ಕೂರುತ್ತಿದ್ದರು. ಕೊನೆಯ ದೃಶ್ಯಕ್ಕೆ ಬೆಟ್ಟ ಹತ್ತುವಾಗ ಎದ್ದರು. "ನಾನು ಹೊರಗಿರ್ತೀನಿ, ನೀನು ನೋಡಿ ಬಾ" ಅಂದರು. ಬಾತ್‌ರೂಮಿಗೆ ಇರಬೇಕು ಅಂದುಕೊಂಡೆ. ಸಿನಿಮಾ ಮುಗಿಸಿ ಬಂದರೆ ಗೇಟಿನ ಹತ್ತಿರ ನಿಂತಿದ್ದರು.

ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೇಳಿದೆ, ಯಾಕೆ ಎದ್ದಿರಿ ಅಂತ. ಮೇಷ್ಟ್ರು ಬೀಳುವುದನ್ನು ನೋಡಲಾಗುವುದಿಲ್ಲ ಅನ್ನುತ್ತಾರೆ ಅಂದುಕೊಂಡಿದ್ದೆ. ಅಪ್ಪ ಹೇಳಿದ್ದು ಬೇರೆ. "ಮೇಷ್ಟ್ರು ತಪ್ಪು ಮಾಡ್ತಾರಮ್ಮ. ಒಂದು ಸಲ ಅಲಮೇಲು ವಿಷಯದಲ್ಲಿ ಮಾಡಿದರು, ಅದು ಏನಾಯ್ತು ಅಂತ ಗೊತ್ತಾದ ಮೇಲೂ ಮತ್ತೆ ಅದೇ ತಪ್ಪಿಗೆ ಹೋಗ್ತಾರೆ. ಹುಡುಗನ ಮಾತು ಕೇಳಬೇಕಿತ್ತು. ಕೇಳೋದ್ರೊಳಗೆ ಸಾಯಿಸಿಬಿಟ್ಟರು."

ದುರ್ಗದವಳು ಅವರು ಮಾರ್ಗರೇಟ್ ಬಗ್ಗೆ ಹೇಳಿದ್ದನ್ನು ನನ್ನಪ್ಪ ಮೇಷ್ಟ್ರ ಬಗ್ಗೆ ಹೇಳಿದ್ದರು ಅನ್ನಿಸಿತು. ಮೇಷ್ಟ್ರಿಗೆ ತಪ್ಪು ಒಪ್ಪಿಕೊಳ್ಳುವ ಅವಕಾಶವೇ ಸಿಗಲಿಲ್ಲ. ಬಂಡೆಯಿಂದ ಬಿದ್ದರು, ಎಲ್ಲ ಭಾರ ರಾಮಾಚಾರಿ ಮೇಲೆ ಬಂತು. ಅಪ್ಪ ಹೋಗಿ ಮೂರು ವರ್ಷವಾಯಿತು. ಅವರ ಜೊತೆ ಈ ಮಾತು ಇನ್ನೂ ಸ್ವಲ್ಪ ಮುಂದುವರಿಸಬೇಕಿತ್ತು.

ಹಳೆ ಆಪರೇಟರ್:

ಮೇಷ್ಟ್ರ ಮಗಳು ಅವರೇ, ನಿಮ್ಮಪ್ಪನ ಮಾತು ಓದಿದ ಮೇಲೆ ನಾನು ಮೊದಲು ಬರೆದದ್ದನ್ನು ಸ್ವಲ್ಪ ಬದಲಿಸುತ್ತೇನೆ. ಜನ ಅತ್ತರು ಅನ್ನುವುದು ನಿಜ. ಅತ್ತಿದ್ದರಿಂದ ಕೊನೆ ಸರಿ ಅಂತ ಆಗುವುದಿಲ್ಲ. ನೂರಾರು ಆಟ ತೋರಿಸಿದ್ದೇನೆ, ಈ ಲೆಕ್ಕ ನನಗೆ ಹೊಳೆದಿರಲಿಲ್ಲ.

ದುರ್ಗದವಳು:

ಎಲ್ಲರಿಗೂ ಥ್ಯಾಂಕ್ಸ್. ಬೆಣ್ಣೆ ಖಾಲಿ ಅವರೇ, ರಾಮಾಚಾರಿ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ. ಅವನಿಗೆ ಬೇರೆ ದಾರಿ ಇರಲಿಲ್ಲ. ಮೂರು ಪುಸ್ತಕದ ವಿಷಯ ಗೊತ್ತಿತ್ತು, ಆದರೆ ಮಾರ್ಗರೇಟ್‌ಗೆ ಜಾಗ ಸಾಲದೆ ಹೋದದ್ದಕ್ಕೆ ಅದೇ ಕಾರಣ ಇರಬಹುದು ಅಂತ ಯೋಚಿಸಿರಲಿಲ್ಲ. ಲೈಬ್ರರಿಯಿಂದ ಮೂರೂ ತರುತ್ತೇನೆ. ಮೇಷ್ಟ್ರ ಮಗಳು, ನಿಮ್ಮ ಬರಹವನ್ನು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಏನೂ ಮಾತಾಡಲಿಲ್ಲ, ಇನ್ನೊಂದು ಸಲ ಓದು ಅಂದರು.

ಅಕ್ಕನ ಮಗಳಿಗೂ ಇದನ್ನೆಲ್ಲ ತೋರಿಸಿದೆ. ಹಾಗಾದರೆ ನೀನೇ ಹೇಳು, ಕೊನೆ ಹೇಗಿರಬೇಕಿತ್ತು ಅಂತ ಕೇಳಿದೆ. ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದಳು. "ಅವನು ಹಾರಲಿ. ಅವಳು ಹಾರಬಾರದು. ಅಷ್ಟು ದೊಡ್ಡ ಕೋಟೆಯಿಂದ ಅವಳು ಒಬ್ಬಳೇ ಕೆಳಗೆ ಇಳಿದು ಬರಬೇಕು. ಮೆಟ್ಟಿಲು ಎಷ್ಟಿವೆ ಅಂತ ಮೊನ್ನೆ ನೋಡಿದೆನಲ್ಲ. ಅದನ್ನು ಪೂರ್ತಿ ತೋರಿಸಬೇಕು."