‘ಹತ್ತರ ಬೋಲ್ಟು’ ಅಂದ್ರೆ ನಿಮ್ಮ ಕಡೆ ಯಾವ್ದು? ಜೊತೆಗೆ ಕಡಾಣಿ ಬಗ್ಗೆ ಒಂದು ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ, ಗೊಬ್ಬರ, ಹುಲ್ಲು ಹೇರೋಕೆ ಅಂತ ಬೊಲೆರೊ ಪಿಕಪ್ಪು, ಟಾಟಾ ಏಸು ಇಟ್ಕೊಂಡಿರೋರು ಸುಮಾರು ಜನ ಇದಾರೆ, ಅವರು ಗ್ಯಾರೇಜಿಗೆ ಹೋಗದೇ ಮನೆ ಅಂಗಳದಲ್ಲೇ ಮಾಡ್ಕೋಬಹುದಾದ ಕೆಲಸಗಳು, ಅಂದ್ರೆ ಪಕ್ಕದ ಡೋರಿಗೆ ಹಗ್ಗ ಕಟ್ಟೋ ಕೊಂಡಿ ಹಾಕೋದು, ಚಕ್ರದ ಹಿಂದೆ ರಬ್ಬರ್ ಫ್ಲಾಪ್ ಕೂರಿಸೋದು, ಹಿಂದಿನ ಡೋರಿಗೆ ಸರಪಳಿ ಬಿಗಿಯೋದು, ಇಂಥವನ್ನ ಕನ್ನಡದಲ್ಲಿ ಬರೆದಿಡ್ತಾ ಇದೀನಿ. ಮುಂದಿನ ಕಬ್ಬಿಣದ ಬಂಪರ್ ಗಾರ್ಡ್ ಮಾತ್ರ ಬಿಟ್ಟಿದೀನಿ, 2017ರ ಡಿಸೆಂಬರಲ್ಲೇ ಕೇಂದ್ರ ಸಾರಿಗೆ ಇಲಾಖೆ ಅದು ಕಾನೂನಿಗೆ ವಿರುದ್ಧ ಅಂತ ಹೇಳಿಯಾಗಿದೆ. ಕೆಲಸ ವಿವರಿಸೋದು ಕಷ್ಟ ಆಗ್ತಿಲ್ಲ, ಮಾತುಗಳದ್ದೇ ತೊಡಕು.

ಮೊದಲನೇದು ‘ಹತ್ತರ ಬೋಲ್ಟು’. ಗ್ಯಾರೇಜಲ್ಲಿ ಹತ್ತರ ಬೋಲ್ಟು ಕೊಡು ಅಂದ್ರೆ ಹುಡುಗ ಹತ್ತರ ಸ್ಪ್ಯಾನರ್ ಕೂರೋ ಬೋಲ್ಟು ಕೊಡ್ತಾನೆ, ಅದರ ಕಂಬಿ, ಅಂದ್ರೆ ತ್ರೆಡ್ ಇರೋ ಉದ್ದನೆ ಭಾಗ, ದಪ್ಪ ಬರೀ 6 ಮಿ.ಮೀ. ಅದೇ ಮಾತನ್ನ ಹಾರ್ಡ್‌ವೇರ್ ಅಂಗಡೀಲಿ ಹೇಳಿ, ಕಂಬಿನೇ 10 ಮಿ.ಮೀ. ಇರೋದು ಬರುತ್ತೆ, ಅದಕ್ಕೆ 17ರ ಸ್ಪ್ಯಾನರ್ ಬೇಕು. ಒಂದೇ ಮಾತು, ಎರಡು ವಸ್ತು. ಹಗ್ಗದ ಕೊಂಡಿಗೆ 10 ಇರಬೇಕಾದ ಕಡೆ 6ರದ್ದು ಹಾಕಿದ್ರೆ ಲೋಡ್ ಕಟ್ಟಿ ಘಾಟಿ ಇಳಿಯೋವಾಗ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಹೋಗ್ಲಿ ಸ್ಪ್ಯಾನರ್ ಲೆಕ್ಕವನ್ನೇ ಹಿಡಿಯೋಣ ಅಂದ್ರೆ ಅದೂ ನಿಲ್ಲಲ್ಲ, 10 ಮಿ.ಮೀ. ಕಂಬಿಯ ಬೋಲ್ಟಿಗೇ ಹಳೇ ಅಳತೆಯದಾದ್ರೆ 17, ಹೊಸ ಐಎಸ್ಒ (ಅಂತರರಾಷ್ಟ್ರೀಯ) ಅಳತೆಯದಾದ್ರೆ 16, ಜಪಾನಿ ಅಳತೆಯ ಚಿಕ್ಕ ತಲೆಯದಾದ್ರೆ 14.

ಇದರ ಮೇಲೆ ನೂಲಿನ ಲೆಕ್ಕ ಬೇರೆ. ಇಂಚಿಗೆ ಎಂಟು ನೂಲು ಅಂತ ಹಿಡಿಯೋ ಬಡಗಿ, ವೆಲ್ಡಿಂಗಿನವರ ಬಾಯಲ್ಲಿ ಬರೋದು ‘ಮೂರು ನೂಲಿನ ಬೋಲ್ಟು’, ಅಂದ್ರೆ ಒಂಬತ್ತೂವರೆ ಮಿ.ಮೀ. ಚಿಲ್ಲರೆ. ಕಣ್ಣಿಗೆ ಇದೂ 10 ಮಿ.ಮೀ. ಬೋಲ್ಟೂ ಒಂದೇ ಥರ ಕಾಣುತ್ತೆ, ಆದ್ರೆ ಇಂಚಿನ ತ್ರೆಡ್ಡಿಗೆ ಮಿ.ಮೀ. ನಟ್ಟು ಸರಿಯಾಗಿ ಹೊಂದಲ್ಲ. ಇನ್ನು ಬೋಲ್ಟಿನ ತಲೆ ಮೇಲೆ 8.8 ಅಂತ ಉಬ್ಬಿರುತ್ತಲ್ಲ, ಅದನ್ನ ಸೈಜು ಅಂತ ಓದೋರೂ ಇದಾರೆ, ಅದು ಸೈಜಲ್ಲ, ಕಬ್ಬಿಣ ಎಷ್ಟು ಎಳೆತ ತಡೆಯುತ್ತೆ ಅನ್ನೋ ಗುರುತು.

ಅದಕ್ಕೇ ನಾನು ‘10 ದಪ್ಪದ ಬೋಲ್ಟು, 17ರ ಸ್ಪ್ಯಾನರ್’ ಅಂತ ಎರಡನ್ನೂ ಬಿಡಿಸಿ ಬರೀತಿದೀನಿ. ‘ದಪ್ಪ’ ಅಂದ್ರೆ ಕಂಬಿಯ ದಪ್ಪ ಅಂತ ಓದೋರಿಗೆ ತಕ್ಷಣ ಹೊಳೆಯುತ್ತಾ, ಇಲ್ಲಾ ತಲೆ ದಪ್ಪ ಅಂದ್ಕೋತಾರಾ? ‘ವ್ಯಾಸ’ ಅಂತ ಬರೆದ್ರೆ ಶಾಲೆ ಪುಸ್ತಕದ ಥರ ಆಗುತ್ತೆ, ನನಗೆ ಒಗ್ಗಲಿಲ್ಲ. ಹುಬ್ಬಳ್ಳಿ ಬೆಳಗಾವಿ ಕಡೆಯವರು ಸ್ಪ್ಯಾನರಿಗೆ ಪಾನಾ ಅಂತಾರೆ, ಅಲ್ಲಿ ಹತ್ತರ ಬೋಲ್ಟು ಅಂದ್ರೆ ಪಾನಾ ಲೆಕ್ಕವೋ ಕಂಬಿ ಲೆಕ್ಕವೋ ಅನ್ನೋದನ್ನ ಆ ಕಡೆಯವರು ಯಾರಾದ್ರೂ ಹೇಳಿ.

‘ಚೆಕ್ ನಟ್’ ಅನ್ನೋದೂ ಹೀಗೇ ಹರಡ್ಕೊಂಡಿದೆ. ಒಂದು ನಟ್ಟಿನ ಮೇಲೆ ಇನ್ನೊಂದು ಬಿಗಿದ್ರೂ ಚೆಕ್ ನಟ್, ಒಳಗೆ ನೈಲಾನ್ ಬಳೆ ಇರೋ ನಟ್ಟಿಗೂ ಚೆಕ್ ನಟ್. ಎರಡಕ್ಕೂ ಒಂದೇ ಹೆಸರಾದ್ರೆ ತೊಂದರೆ ಇದೆ, ಯಾಕಂದ್ರೆ ನೈಲಾನಿಂದು ಸುಮಾರು 120 ಡಿಗ್ರಿ ಬಿಸಿ ದಾಟಿದ್ರೆ ಹಿಡಿತ ಬಿಡುತ್ತೆ, ಸೈಲೆನ್ಸರ್ ಹತ್ರ ಹಾಕೋ ಹಾಗಿಲ್ಲ. ಸದ್ಯಕ್ಕೆ ‘ಜೋಡಿ ನಟ್ಟು’, ‘ನೈಲಾನ್ ನಟ್ಟು’ ಅಂತ ಇಟ್ಕೊಂಡಿದೀನಿ.

ಈಗ ಕಡಾಣಿ. ಸ್ಪ್ಲಿಟ್ ಪಿನ್ನಿಗೆ ಕನ್ನಡದಲ್ಲಿ ಇದೇ ಹೆಸರು ಇಡಬಹುದಾ ಅನ್ನೋದು ನನ್ನ ಪ್ರಶ್ನೆ. ಹಿಂದಿನ ಡೋರಿನ ಪಿನ್ನಿನ ತುದೀಲಿ ತೂತು ಇರುತ್ತೆ, ಅದರೊಳಗೆ ಸ್ಪ್ಲಿಟ್ ಪಿನ್ ತೂರಿಸಿ ಅದರ ಎರಡು ಕಾಲನ್ನೂ ಕಟಿಂಗ್ ಪ್ಲೇಯರಲ್ಲಿ ಆಚೆ ಈಚೆ ಮಡಚ್ತೀವಿ, ಆಮೇಲೆ ಎಷ್ಟೇ ಕುಲುಕಿದ್ರೂ ದೊಡ್ಡ ಪಿನ್ನು ಈಚೆ ಬರಲ್ಲ. ಚಕ್ರದ ನಡುವಿನ ಹಬ್ಬಿನ ಮೇಲೆ ಕಿರೀಟದ ಹಾಗೆ ಹಲ್ಲಿರೋ ನಟ್ಟಿಗೂ ಹಾಕೋದು ಇದನ್ನೇ. ಎತ್ತಿನ ಗಾಡೀಲಿ ಅಚ್ಚಿನ ತುದಿಗೆ ಹಾಕಿ ಚಕ್ರ ಕಳಚದ ಹಾಗೆ ಮಾಡ್ತಿದ್ದ ಕಡಾಣಿಗೂ ಇದೇ ಜಾಗ, ಇದೇ ಕೆಲಸ ಅಲ್ವಾ. ಜೇಡರ ದಾಸಿಮಯ್ಯನ ವಚನದಲ್ಲಿ ಬಂಡಿಗೆ ಆಧಾರ ಅಂತ ಬರೋ ‘ಕಡೆಗೀಲು’ ಕೂಡ ಇದೇ ವಸ್ತು, ಕಡೆಯ ಕೀಲು, ಕಡೆಯ ಆಣಿ. ಇಷ್ಟು ಹಳೇ ಮಾತು ಕೈಯಲ್ಲೇ ಇರೋವಾಗ ಹೊಸದಾಗಿ ಸಂಸ್ಕೃತದಲ್ಲಿ ಒಂದನ್ನ ಕಟ್ಟೋದು ನನಗೆ ಸುತಾರಾಂ ಇಷ್ಟ ಇಲ್ಲ. ಉಳಿ ಅನ್ನೋ ಮಾತಿಗೇ ತಿರುಪು ಸೇರಿಸಿ ತಿರುಪುಳಿ ಅಂತ ಸ್ಕ್ರೂಡ್ರೈವರಿಗೆ ಹೆಸರಾಗಲಿಲ್ವಾ.

ಒಂದು ಅನುಮಾನ ಇದೆ. ಕಾಲು ಮಡಚೋ ಪಿನ್ನನ್ನ ಬಿಚ್ಚಿದ ಮೇಲೆ ಎಸೆದು ಹೊಸದು ಹಾಕಬೇಕು, ಮಡಚಿದ ಕಾಲನ್ನ ಮತ್ತೆ ನೆಟ್ಟಗೆ ಮಾಡಿದ್ರೆ ಅಲ್ಲೇ ಮುರಿಯುತ್ತೆ. ಟ್ರೈಲರ್ ಪಿನ್ನಿಗೆ ಸಿಗಿಸೋ ಸ್ಪ್ರಿಂಗ್ ಕ್ಲಿಪ್ಪನ್ನಾದ್ರೆ ದಿನಾ ತೆಗೆದು ಹಾಕಬಹುದು. ಎರಡಕ್ಕೂ ಬರೀ ಕಡಾಣಿ ಅಂದ್ರೆ ಹಳೇದನ್ನೇ ಮತ್ತೆ ಹಾಕಿಬಿಡ್ತಾರೇನೋ, ಅದಕ್ಕೆ ‘ಮಡಚು ಕಡಾಣಿ’, ‘ಕ್ಲಿಪ್ ಕಡಾಣಿ’ ಅಂತ ಬೇರೆ ಮಾಡಿದ್ರೆ ಹೇಗೆ? ಗಾಡಿ ಹೊಡೆದು ಗೊತ್ತಿರೋ ಹಿರಿಯರು ಮನೇಲಿದ್ರೆ ಕೇಳಿ ನೋಡಿ, ಅವರ ಕಡೆ ಕಡಾಣಿ ಅನ್ನೋದು ಚಕ್ರದ ಆಣಿಗೆ ಮಾತ್ರ ಮೀಸಲಾ, ನೊಗ ಮೂಕಿ ಕಡೆ ಹಾಕೋ ಗೂಟಕ್ಕೂ ಅಂತಾರಾ ಅಂತ. ಊರಿನ ಹೆಸರು ಜೊತೆಗೇ ಬರೆದ್ರೆ ಉಪಕಾರ ಆಗುತ್ತೆ.