"ನೇರ ದೂರ", "ನೇರ ವಿಮಾನ", "ಹಾರಾಟದ ಅವಧಿ": ಸರಿಯಾದ ಬಳಕೆ ಯಾವ್ದು?

ಎರಡು ಊರುಗಳ ನಡುವೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಅಂತ ಕನ್ನಡದಲ್ಲಿ ಬರೆಯೋರು ಸಾಮಾನ್ಯವಾಗಿ "ನೇರ ದೂರ" ಅಂತ ಹಾಕ್ತಾರೆ. ನನ್ನ ತಕರಾರು ಇರೋದು ಈ "ನೇರ" ಬಗ್ಗೆನೇ. ಭೂಮಿ ದುಂಡಗಿರೋದ್ರಿಂದ ಅತಿ ಹತ್ತಿರದ ದಾರಿ ಅನ್ನೋದು ಬಾಗಿದ ಗೆರೆ, ಗಣಿತದಲ್ಲಿ ಅದಕ್ಕೆ ಮಹಾವೃತ್ತ ಅಂತಾರೆ. ಲಂಡನ್‌ನಿಂದ ಲಾಸ್ ಏಂಜಲೀಸ್‌ಗೆ ಹೋಗೋ ವಿಮಾನ ಗ್ರೀನ್‌ಲ್ಯಾಂಡ್ ಕಡೆ ಹೋಗುತ್ತೆ, ಗೋಡೆ ಮೇಲಿನ ಮ್ಯಾಪಲ್ಲಿ ನೋಡಿದ್ರೆ ಯಾಕಪ್ಪಾ ಇಷ್ಟು ಸುತ್ತು ಅನ್ಸುತ್ತೆ, ಅದೇ ಗ್ಲೋಬ್ ಮೇಲೆ ದಾರ ಎಳೆದು ಹಿಡಿದ್ರೆ ಹತ್ತಿರದ ದಾರಿ ಅದೇ ಅಂತ ಗೊತ್ತಾಗುತ್ತೆ. ಅದಕ್ಕೆ "ವಾಯುದೂರ" ಅನ್ನೋದು ವಾಸಿ ಅನ್ಸುತ್ತೆ. ಆದ್ರೆ ವಿಮಾನ ನಿಜವಾಗ್ಲೂ ಹಾರಿದ ದಾರಿ ಇದಕ್ಕಿಂತ ಸ್ವಲ್ಪ ಉದ್ದನೇ ಇರುತ್ತೆ, ಗಾಳಿ, ಮಳೆಮೋಡ, ಮುಚ್ಚಿರೋ ವಾಯುಪ್ರದೇಶ ಎಲ್ಲಾ ನೋಡ್ಕೊಂಡು ಹೋಗ್ಬೇಕಲ್ಲ. ಅದನ್ನ ಬೇರೆ ಮಾಡಿ "ಹಾರುದಾರಿ" ಅನ್ಬಹುದಾ?

"ನೇರ ವಿಮಾನ" ಅನ್ನೋದ್ರಲ್ಲೂ ಇದೇ ಗೋಜಲು. ವಿಮಾನಯಾನದವರ ಲೆಕ್ಕದಲ್ಲಿ ಡೈರೆಕ್ಟ್ ಅಂದ್ರೆ ಫ್ಲೈಟ್ ನಂಬರ್ ಒಂದೇ, ನಡುವೆ ಎಲ್ಲಾದ್ರೂ ಇಳಿದು ಹೋಗ್ಬಹುದು, ನಾನ್‌ಸ್ಟಾಪ್ ಅಂದ್ರೆ ಎಲ್ಲೂ ಇಳಿಯಲ್ಲ. ನಾವು ಎರಡಕ್ಕೂ ನೇರ ಅಂದುಬಿಡ್ತೀವಿ. ನಾನ್‌ಸ್ಟಾಪ್‌ಗೆ "ತಡೆರಹಿತ" ಅಂತ ಬಸ್ ಮೇಲೆ ಬರೆಯೋದು ಇದ್ದೇ ಇದೆಯಲ್ಲ, ವಿಮಾನಕ್ಕೂ ಅದನ್ನೇ ಇಟ್ಕೊಂಡ್ರೆ ಹೊಸ ಪದ ಹುಡುಕೋ ಕಷ್ಟ ಇಲ್ಲ.

ಇನ್ನು ಸಮಯದ ವಿಷಯ, ಇದೇ ನನಗೆ ಮುಖ್ಯವಾಗಿ ಬೇಕಿರೋದು. "ಹಾರಾಟದ ಅವಧಿ" ಅಂತ ಟಿಕೆಟ್‌ನಲ್ಲಿ ಕಾಣೋದು ಬರೀ ಹಾರಾಟ ಅಲ್ಲ. ಗೇಟಲ್ಲಿ ನಿಂತ ವಿಮಾನದ ಚಕ್ರಕ್ಕೆ ಅಡ್ಡ ಕೊಟ್ಟಿರ್ತಾರಲ್ಲ, ಅದನ್ನ ತೆಗೆದು ವಿಮಾನ ಅಲುಗಾಡಿದಾಗಿಂದ ಹಿಡಿದು ಇನ್ನೊಂದು ಊರಲ್ಲಿ ಗೇಟಿಗೆ ಬಂದು ನಿಲ್ಲೋವರೆಗೆ ಎಣಿಸ್ತಾರೆ, ಅದು ಬ್ಲಾಕ್ ಟೈಮ್. ರನ್‌ವೇ ಬಿಟ್ಟು ಏರಿದಾಗಿಂದ ಇಳಿದು ನೆಲ ಮುಟ್ಟೋವರೆಗಿನದು ಬೇರೆ ಲೆಕ್ಕ. ಎರಡಕ್ಕೂ ಒಂದೇ ಪದ ಬಳಸಿದ್ರೆ ಓದೋರು "ದೂರ ಇಷ್ಟು, ಸಮಯ ಇಷ್ಟು, ಹಾಗಾದ್ರೆ ವೇಗ ಇಷ್ಟು" ಅಂತ ಭಾಗಿಸಿ ತಪ್ಪು ಉತ್ತರ ತೆಗೀತಾರೆ.

ಗಾಳಿ ಬೇರೆ ಇದೆ. ನ್ಯೂಯಾರ್ಕ್–ಲಂಡನ್ ಸುಮಾರು 5,550 ಕಿ.ಮೀ., ಹೋಗೋಕೂ ಬರೋಕೂ ದೂರ ಅಷ್ಟೇ, ಆದ್ರೆ ಪಶ್ಚಿಮದಿಂದ ಬೀಸೋ ಜೆಟ್ ಸ್ಟ್ರೀಮ್ ಅನ್ನೋ ಎತ್ತರದ ಜೋರು ಗಾಳಿ ಬೆನ್ನಿಗಿದ್ರೆ ಲಂಡನ್‌ಗೆ ಬೇಗ ಮುಟ್ಟುತ್ತೆ, ವಾಪಸ್ ಹೋಗೋವಾಗ ಒಂದು ಗಂಟೆಯಷ್ಟು ಜಾಸ್ತಿ ಹಿಡಿಯುತ್ತೆ. 2020ರ ಫೆಬ್ರವರಿಯಲ್ಲಿ ಬಿರುಗಾಳಿ ಇದ್ದಾಗ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ಒಂದು 5 ಗಂಟೆಯೊಳಗೇ ಲಂಡನ್ ತಲುಪಿತ್ತು. ಇನ್ನು ಟಿಕೆಟ್‌ನಲ್ಲಿರೋ ಗಂಟೆಗಳು ಆಯಾ ಊರಿನವು, ಲಂಡನ್ ಬೆಳಿಗ್ಗೆ 11ಕ್ಕೆ ಬಿಟ್ಟು ನ್ಯೂಯಾರ್ಕ್‌ಗೆ ಮಧ್ಯಾಹ್ನ 2ಕ್ಕೆ ಅಂದ್ರೆ ಮೂರು ಗಂಟೆ ಅಲ್ಲ, ಎಂಟು, ಯಾಕಂದ್ರೆ ನ್ಯೂಯಾರ್ಕ್ ಗಡಿಯಾರ ಸಾಮಾನ್ಯವಾಗಿ ಐದು ಗಂಟೆ ಹಿಂದಿರುತ್ತೆ.

ಈಗ ನನ್ನ ಪ್ರಶ್ನೆ: ಗಾಳಿಯಲ್ಲಿದ್ದ ಹೊತ್ತಿಗೆ "ಹಾರಾಟದ ಅವಧಿ" ಅಂತ್ಲೇ ಉಳಿಸ್ಕೊಂಡು, ಬ್ಲಾಕ್ ಟೈಮ್‌ಗೆ "ಗೇಟಿಂದ ಗೇಟಿಗೆ" ಅಂತ ಬರೆದ್ರೆ ಓದೋರಿಗೆ ತಿಳಿಯುತ್ತಾ? "ಪ್ರಯಾಣದ ಅವಧಿ" ಬೇಡ ಅನ್ಸುತ್ತೆ, ಅದ್ರಲ್ಲಿ ಚೆಕ್‌ಇನ್, ಸೆಕ್ಯೂರಿಟಿ, ನಡುವೆ ವಿಮಾನ ಬದಲಾಯ್ಸೋದು ಎಲ್ಲಾ ಸೇರ್ಕೊಳ್ಳುತ್ತೆ. ಇದಕ್ಕಿಂತ ಚೆನ್ನಾಗಿರೋ ಪದ ಬಳಕೆಯಲ್ಲಿದ್ರೆ ದಯವಿಟ್ಟು ಹೇಳಿ.