ಶೇ 18ರ ತಕ್ಕಡಿ ಯಾರದು?

ಚಿಕ್ಕಪ್ಪ: (ಫಾರ್ವರ್ಡ್ ಆದ ಚಿತ್ರ) ‘ದುಡಿಯುವವರಲ್ಲಿ ಶೇ 46 ಮಂದಿ ಕೃಷಿಯಲ್ಲಿ. ದೇಶದ ಆದಾಯಕ್ಕೆ ಅವರ ಕೊಡುಗೆ ಶೇ 18. ಚೀನಾ ರೈತರನ್ನು ಕಾರ್ಖಾನೆಗೆ ಕಳಿಸಿ ಉದ್ಧಾರವಾಯಿತು, ನಾವು ಸಬ್ಸಿಡಿ ಕೊಟ್ಟು ಹೊಲದಲ್ಲೇ ಕೂರಿಸಿದ್ದೇವೆ.’
ಎಲ್ಲರೂ ಓದಿ. ಕಹಿಯಾದರೂ ಸತ್ಯ.

ಅಣ್ಣ: ನೂರಕ್ಕೆ ನೂರು ನಿಜ.

ಮಾವ: ಬೆಳಿಗ್ಗೆಯಿಂದ ಟೊಮೆಟೊ ಗಿಡ ಎತ್ತಿ ಕಟ್ಟುತ್ತಿದ್ದೆ, ಈಗ ನೋಡಿದೆ. ನನ್ನನ್ನು ಕೂರಿಸಿದವರು ಯಾರೆಂದು ತಿಳಿಸಿ. ಸ್ವಲ್ಪ ಹೊತ್ತು ಕೂರಬೇಕಾಗಿದೆ.

ಚಿಕ್ಕಪ್ಪ: ಭಾವ, ನಿಮ್ಮನ್ನು ಅಂದದ್ದಲ್ಲ. ಲೆಕ್ಕ ಹೇಳಿದೆ ಅಷ್ಟೆ.

ನಾನು: ಚಿಕ್ಕಪ್ಪ, ಅಂಕಿ ಎರಡೂ ಹೆಚ್ಚುಕಡಿಮೆ ಸರಿ. ಆದರೆ ಆ ಹದಿನೆಂಟು ಬರುವುದು ಎಷ್ಟು ಬೆಳೆದರು ಎಂಬುದರಿಂದ ಮಾತ್ರವಲ್ಲ, ಬೆಳೆದದ್ದಕ್ಕೆ ಎಷ್ಟು ಬೆಲೆ ಸಿಕ್ಕಿತು ಎಂಬುದರಿಂದ. ಬೆಲೆ ಏರಿದಾಗ ಏನಾಯಿತು ನೋಡಿ. 2023ರ ಜುಲೈನಲ್ಲಿ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿದರು. ಆಗಸ್ಟ್‌ನಲ್ಲಿ ಈರುಳ್ಳಿ ರಫ್ತಿಗೆ ಶೇ 40 ಸುಂಕ ಹಾಕಿದರು, ಡಿಸೆಂಬರ್‌ನಲ್ಲಿ ರಫ್ತನ್ನೇ ನಿಲ್ಲಿಸಿದರು. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಬೆಂಗಳೂರು ರೋಸ್ ಈರುಳ್ಳಿಯನ್ನು ಬೆಳೆಯುವುದೇ ಹೊರದೇಶಕ್ಕೆ. ಅದಕ್ಕೂ ಸುಂಕ ಬಿತ್ತು, ರೈತರು ಕೂಗಾಡಿದ ಮೇಲೆ ವಿನಾಯಿತಿ ಸಿಕ್ಕಿತು. ಪಟ್ಟಣದ ಅಡುಗೆಮನೆ ಖರ್ಚು ಏರದಿರಲಿ ಎಂದು ಬೆಲೆಯನ್ನು ಅದುಮುವವರೂ ನಾವೇ, ಆಮೇಲೆ ನಿನ್ನ ಗಳಿಕೆ ಇಷ್ಟೇ ಎಂದು ಮೂದಲಿಸುವವರೂ ನಾವೇ. ಇಲ್ಲಿ ಯಾರಿಗೆ ಯಾರು ಸಬ್ಸಿಡಿ ಕೊಡುತ್ತಿದ್ದಾರೆ?

ಅಣ್ಣ: ಅದೇ 2023ರಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿತ್ತಲ್ಲ. ಆಗ ಮಾವ ತುಟಿ ಬಿಚ್ಚಲಿಲ್ಲ!

ಮಾವ: ಆಗ ನನ್ನ ತೋಟದಲ್ಲಿ ಟೊಮೆಟೊ ಎಲ್ಲಿತ್ತಪ್ಪ? ಎಲೆ ಮುರುಟು ರೋಗ ಬಂದು ಗಿಡ ಕಿತ್ತು ಬದುವಿಗೆ ಹಾಕಿದ್ದೆ. ನಮ್ಮಂಥವರ ಗಿಡ ಹೋದದ್ದಕ್ಕೇ ಬೆಲೆ ಏರಿದ್ದು. ಆ ದರ ಕಂಡು ಮುಂದೆ ಎಲ್ಲರೂ ನಾಟಿ ಮಾಡಿದೆವು. ಹದಿನೈದು ಕಿಲೋ ಬಾಕ್ಸಿಗೆ ಹರಾಜಿನಲ್ಲಿ ಕೂಗಿದ ದರದಲ್ಲಿ ಹಣ್ಣು ಬಿಡಿಸಿದ ಕೂಲಿ, ಟೆಂಪೋ ಬಾಡಿಗೆ, ಮಂಡಿಯ ಕಮಿಷನ್ ಕಳೆದರೆ ಗೊಬ್ಬರದ ಸಾಲ ಹಾಗೆಯೇ ನಿಂತಿತು. ಕೊನೆಗೆ ಬಿಡಿಸುವುದನ್ನೇ ನಿಲ್ಲಿಸಿ ತೋಟಕ್ಕೆ ಕುರಿ ಬಿಟ್ಟೆ.

ನಾನು: ರಿಸರ್ವ್ ಬ್ಯಾಂಕ್ 2024ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಟೊಮೆಟೊಗೆ ಗ್ರಾಹಕ ಕೊಡುವ ಒಂದು ರೂಪಾಯಿಯಲ್ಲಿ ರೈತನ ಕೈಸೇರುವುದು ಸುಮಾರು 33 ಪೈಸೆ. ಈರುಳ್ಳಿಗೆ 36, ಆಲೂಗಡ್ಡೆಗೆ 37. ಉಳಿದದ್ದರ ಬಹುಪಾಲು ವ್ಯಾಪಾರ, ಸಾಗಣೆ ಎಂದು ಸೇವಾ ವಲಯದ ಖಾತೆಗೆ ಜಮೆಯಾಗುತ್ತದೆ. ಲಾರಿ ಹತ್ತಿದ ಕೂಡಲೇ ಟೊಮೆಟೊದ ಜಾತಿಯೇ ಬದಲಾಗುತ್ತದೆ, ಚಿಕ್ಕಪ್ಪ. ಕೃಷಿಯಿಲ್ಲದೆ ಆ ಸೇವೆ ಯಾವುದರ ಸೇವೆ?

ಚಿಕ್ಕಪ್ಪ: ಮಾತು ಚೆನ್ನಾಗಿದೆ. ಆದರೆ ಚೀನಾದ ಉದಾಹರಣೆಗೆ ಉತ್ತರ ಹೇಳಲಿಲ್ಲ.

ನಾನು: ಚೀನಾ ಮೊದಲು ಕೈಹಾಕಿದ್ದೇ ಹಳ್ಳಿಗೆ. 1978ರ ಚಳಿಗಾಲದಲ್ಲಿ ಅನ್‌ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಎಂಬ ಹಳ್ಳಿಯಲ್ಲಿ ಹದಿನೆಂಟು ರೈತರು ಸಾಮೂಹಿಕ ಜಮೀನನ್ನು ಮನೆಮನೆಗೆ ಹಂಚಿಕೊಂಡು ಗುಟ್ಟಾಗಿ ಹೆಬ್ಬೆಟ್ಟು ಒತ್ತಿದರು. ಸರ್ಕಾರ ಆ ಪದ್ಧತಿಯನ್ನು ಮುಂದೆ ದೇಶಕ್ಕೇ ಹರಡಿತು. 1979ರಲ್ಲಿ ಧಾನ್ಯದ ಖರೀದಿ ಬೆಲೆಯನ್ನೂ ಸುಮಾರು ಶೇ 20ರಷ್ಟು ಏರಿಸಿತು. ರೈತನ ಕೈಯಲ್ಲಿ ಕಾಸು ಓಡಾಡಿತು; ಸೈಕಲ್, ಹೊಲಿಗೆ ಯಂತ್ರ, ಇಟ್ಟಿಗೆ ಕೊಳ್ಳುವವರು ಹುಟ್ಟಿಕೊಂಡರು. 80ರ ದಶಕದಲ್ಲಿ ಹಳ್ಳಿ, ಹೋಬಳಿ ಮಟ್ಟದ ಕಾರ್ಖಾನೆಗಳು ಎದ್ದದ್ದು ಅದರ ಮೇಲೆ. ನಿಮ್ಮ ಚಿತ್ರ ಮಾಡಿದವರು ಈ ಮೊದಲ ಅಧ್ಯಾಯವನ್ನು ಹರಿದು ಕಳಿಸಿದ್ದಾರೆ.

ಅಣ್ಣ: ನಮ್ಮಲ್ಲೂ ಕಾರ್ಖಾನೆಗಳಿವೆಯಲ್ಲ. ಜನ ಹೋಗುವುದಿಲ್ಲ.

ಅತ್ತೆ: ಯಾರು ಹೋಗುವುದಿಲ್ಲ? ನಮ್ಮ ಹುಡುಗ ಡಿಪ್ಲೊಮಾ ಮುಗಿಸಿ ಹೆದ್ದಾರಿ ಪಕ್ಕದ ಕಾರ್ಖಾನೆಗೆ ಸೇರಿದ್ದ. 2020ರಲ್ಲಿ ಲಾಕ್‌ಡೌನ್ ಬಂತು, ಗುತ್ತಿಗೆ ಮುಗಿಯಿತು ಎಂದು ಫೋನಿನಲ್ಲೇ ಹೇಳಿದರು. ಆ ವರ್ಷ ಅವನೂ ನಿಮ್ಮ ಮಾವನ ಜೊತೆ ರಾಗಿ ಕೊಯ್ದ.

ನಾನು: ಅತ್ತೆ ಹೇಳಿದ್ದು ಒಂದು ಮನೆಯ ಕಥೆಯಲ್ಲ. ಸರ್ಕಾರದ್ದೇ ಕಾರ್ಮಿಕ ಸಮೀಕ್ಷೆಯಲ್ಲಿ ಕೃಷಿಯಲ್ಲಿದ್ದವರ ಪಾಲು 2018-19ರಲ್ಲಿ ಶೇ 42.5ಕ್ಕೆ ಇಳಿದಿತ್ತು, 2020-21ರಲ್ಲಿ ಶೇ 46.5ಕ್ಕೆ ಏರಿತು. ಅವರನ್ನು ಸಬ್ಸಿಡಿ ಹಿಡಿದು ಕೂರಿಸಲಿಲ್ಲ, ಪಟ್ಟಣ ವಾಪಸು ಕಳಿಸಿತು.

ಚಿಕ್ಕಪ್ಪ: ಸರಿ, ಬೆಲೆಯ ಮಾತು ಒಪ್ಪುತ್ತೇನೆ. ಆದರೆ ಇದಕ್ಕೆ ಉತ್ತರ ಹೇಳು. 2015-16ರ ಕೃಷಿ ಗಣತಿಯಲ್ಲಿ ಸರಾಸರಿ ಹಿಡುವಳಿ 1.08 ಹೆಕ್ಟೇರ್. ನೂರರಲ್ಲಿ ಎಂಬತ್ತಾರು ಹಿಡುವಳಿಗಳು ಎರಡು ಹೆಕ್ಟೇರಿಗಿಂತ ಕಡಿಮೆ. ರಾಗಿಗೆ ಬೆಂಬಲ ಬೆಲೆ 2025-26ಕ್ಕೆ ಕ್ವಿಂಟಲ್‌ಗೆ 4,886 ರೂಪಾಯಿ ಮಾಡಿದ್ದಾರೆ. ಅದನ್ನು ದುಪ್ಪಟ್ಟು ಮಾಡಿದರೂ ಎರಡೂವರೆ ಎಕರೆಯಲ್ಲಿ ಐದು ಜನರ ಸಂಸಾರ ನಡೆಯುತ್ತದೆಯೇ? ಹೊರಗೆ ಬರಲೇಬೇಕು.

ನಾನು: ನಡೆಯುವುದಿಲ್ಲ. ಹೊರಗೆ ಬರಬೇಕು ಎಂಬುದರಲ್ಲಿ ನನಗೂ ತಕರಾರಿಲ್ಲ. ಬಂದವರು ನಿಲ್ಲುವುದೆಲ್ಲಿ ಎಂಬುದು ನನ್ನ ಪ್ರಶ್ನೆ. ಟೊಮೆಟೊ ಬೆಳೆಯುವ ತಾಲ್ಲೂಕಿನಲ್ಲೇ ಹಣ್ಣು ವಿಂಗಡಿಸುವ, ತಿರುಳು ತೆಗೆಯುವ ಘಟಕಗಳಿದ್ದರೆ ಆ ಉಳಿದ 67 ಪೈಸೆಯಲ್ಲಿ ಒಂದಿಷ್ಟು ಊರಲ್ಲೇ ನಿಲ್ಲುತ್ತದೆ, ಅರ್ಧ ಮನೆ ಅಲ್ಲಿ ದುಡಿಯುತ್ತದೆ.

ಮಾವ: ಅಂಥ ಘಟಕ ಬಂದರೂ ಮೊದಲ ವರ್ಷ ನಂಬುವುದು ಕಷ್ಟ. ದರ ಬಿದ್ದಾಗ ‘ಹಣ್ಣು ಮೆತ್ತಗಿದೆ’ ಎನ್ನುತ್ತಾರೆ.

ಅತ್ತೆ: ಅದೆಲ್ಲ ಬಂದಾಗ ನೋಡೋಣ. ಹೊರಗೆ ಬರಬೇಕು ಎಂದಿರಲ್ಲ, ನಮ್ಮ ಹುಡುಗ ತಯಾರಿದ್ದಾನೆ. ನಿಮಗೆ ಬೆಂಗಳೂರಿನಲ್ಲಿ ಅಷ್ಟು ಜನರ ಪರಿಚಯವಿದೆ. ಗುತ್ತಿಗೆ ಬೇಡ, ಕಾಯಂ ಕೆಲಸ ಇದ್ದರೆ ಹೇಳಿ. ಬಯೋಡೇಟಾ ಈಗಲೇ ನಿಮ್ಮ ನಂಬರಿಗೆ ಕಳಿಸುತ್ತಿದ್ದೇನೆ.